ಮಯಸಭೆಯ ವಿಸ್ತಾರವೆಷ್ಟು?

ಧಾರವಾಡ ಜಿಲ್ಲೆಯ ಅಣ್ಣಿಗೇರಿಯು ಹುಬ್ಬಳ್ಳಿ–ಗದಗ ರೈಲುಮಾರ್ಗದಲ್ಲಿರುವ ಪುರಾತನವಾದ ಊರು. ಆದಿಕವಿ ಪಂಪನ ತಾಯಿಯ ಮನೆತನವು ಇಲ್ಲಿಯದೆಂಬುದು ಅವನ ತಮ್ಮ ಜಿನವಲ್ಲಭನ ಕುರಿಕ್ಯಾಲ ಶಾಸನದಿಂದ ತಿಳಿದುಬರುತ್ತದೆ. ಪಂಪನು ಕ್ರಿ.ಶ. 941ರಲ್ಲಿ ಭಾರತದ ಕಥೆಯನ್ನು ‘ವಿಕ್ರಮಾರ್ಜುನ ವಿಜಯ’ವೆಂಬ ಹೆಸರಿನಿಂದ ಕನ್ನಡಕ್ಕೆ ತಂದನು. ಆ ಕಥೆಯ ಮಯಸಭೆಯನ್ನು ಕೇಳದವರಾರು? ನೆಲವನ್ನು ನೀರೆಂದು ಭ್ರಮಿಸಿ ಉಟ್ಟ ಬಟ್ಟೆಯನ್ನೆತ್ತಿದ, ಬಳಿಕ ನೀರನ್ನು ನೆಲವೆಂದು ಭ್ರಮಿಸಿ ಅದರಲ್ಲಿ ಬಿದ್ದ ದುರ್ಯೋಧನನ ಪ್ರಸಂಗವು ಮನೆಮಾತಾಗಿದೆ.

ಮಯಸಭೆಯು ಕವಿಕಲ್ಪನೆಯೇ ಸರಿ. ಆದರೂ ವ್ಯಾಸಭಾರತದ ಸಭಾಪರ್ವವು ಅದಕ್ಕೊಂದು ಅಳತೆಯನ್ನು ಕೊಟ್ಟಿದೆ: ಸುತ್ತಲೂ ಹತ್ತು ಸಾವಿರ ಕಿಷ್ಕು. ಅಳತೆಯೊಂದು ದೊರೆತ ಮೇಲೆ ಲೆಕ್ಕಕ್ಕೆ ಅವಕಾಶವುಂಟು. ಕಾಣದ ವಸ್ತುವಿನ ಗಾತ್ರವನ್ನು ಅಂದಾಜು ಮಾಡುವುದು ವಿಜ್ಞಾನಿಗೆ ನಿತ್ಯದ ಕೆಲಸ. ಆ ಕೆಲಸದ ರೀತಿಯನ್ನು ಈ ಉದಾಹರಣೆಯಿಂದ ತಿಳಿಯೋಣ.

ಕಿಷ್ಕು ಎಂದರೆ ಎಷ್ಟು?

ಮೊದಲು ಮಾನವನ್ನು ನಿಶ್ಚಯಿಸಬೇಕು. ಇದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ನೆರವಾಗುತ್ತದೆ. ಬಹುಕಾಲ ಮರೆಯಾಗಿದ್ದ ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ, ಸಾಧಾರಣ ಗಾತ್ರದ ಮನುಷ್ಯನ ನಡುಬೆರಳಿನ ಮಧ್ಯಭಾಗದ ಅಗಲವೇ ಒಂದು ಅಂಗುಲ. ಇದು ಸುಮಾರು 1.9 ಸೆಂಟಿಮೀಟರ್. 24 ಅಂಗುಲಗಳಿಗೆ ಒಂದು ಮೊಳ. ಬಡಗಿಗಳ ಕಿಷ್ಕುವಾದರೋ 42 ಅಂಗುಲಗಳದು. ಪಾಳೆಯ, ಕೋಟೆ ಮತ್ತು ಅರಮನೆಗಳ ನೆಲವನ್ನಳೆಯಲು ಅದನ್ನು ಬಳಸಬೇಕೆಂದು ಗ್ರಂಥವು ಹೇಳುತ್ತದೆ. ಆದರೆ ಕಿಷ್ಕುವೆಂದರೆ ಮೊಳವೆಂದು ಅರ್ಥಮಾಡುವ ನಿಘಂಟುಗಳೂ ಇವೆ.

ಆದುದರಿಂದ ಕಿಷ್ಕುವು ಕನಿಷ್ಠಪಕ್ಷ 46 ಸೆಂಟಿಮೀಟರ್, ಹೆಚ್ಚೆಂದರೆ 80 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಇಲ್ಲಿ ಒಂದನ್ನೇ ಸರಿಯೆಂದು ಹಟ ಹಿಡಿಯದೆ ಎರಡು ಮೇರೆಗಳನ್ನೂ ಕೈಯಲ್ಲಿಟ್ಟುಕೊಂಡು ಮುನ್ನಡೆಯುವುದೇ ಒಳ್ಳೆಯ ಅಂದಾಜಿನ ಮೊದಲ ನಿಯಮ.

ಮೂರು ಅರ್ಥಗಳು

ಇನ್ನು ‘ಸುತ್ತಲೂ ಹತ್ತು ಸಾವಿರ’ ಎಂಬ ಮಾತನ್ನು ಮೂರು ರೀತಿಯಾಗಿ ತಿಳಿಯಬಹುದು. ಸಭೆಯು ಚೌಕವಾಗಿತ್ತೆಂದು ಭಾವಿಸೋಣ.

ಮೊದಲನೆಯದಾಗಿ, ಇದು ಒಟ್ಟು ವಿಸ್ತೀರ್ಣವೆನ್ನೋಣ. ಹತ್ತು ಸಾವಿರ ಚದರ ಕಿಷ್ಕುವಾದರೆ ಒಂದೊಂದು ಪಕ್ಕವು 100 ಕಿಷ್ಕು. ಅಂದರೆ 46ರಿಂದ 80 ಮೀಟರ್. ವಿಸ್ತೀರ್ಣವು ಸುಮಾರು 2,100ರಿಂದ 6,400 ಚದರ ಮೀಟರ್.

ಎರಡನೆಯದಾಗಿ, ಇದು ಸುತ್ತಳತೆಯೆನ್ನೋಣ. ಆಗ ಪಕ್ಕವು 2,500 ಕಿಷ್ಕು. ಅಂದರೆ 1,150ರಿಂದ 2,000 ಮೀಟರ್. ವಿಸ್ತೀರ್ಣವು ಸುಮಾರು 1.3ರಿಂದ 4 ಚದರ ಕಿಲೋಮೀಟರ್.

ಮೂರನೆಯದಾಗಿ, ಪ್ರತಿಯೊಂದು ಪಕ್ಕವೂ ಹತ್ತು ಸಾವಿರ ಕಿಷ್ಕುವೆನ್ನೋಣ. ಆಗ ಪಕ್ಕವು 4.6ರಿಂದ 8 ಕಿಲೋಮೀಟರ್. ವಿಸ್ತೀರ್ಣವು 21ರಿಂದ 64 ಚದರ ಕಿಲೋಮೀಟರ್.

ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಿಷ್ಕುವಿನ ಅಳತೆಯ ಸಂದೇಹದಿಂದ ವಿಸ್ತೀರ್ಣದಲ್ಲಿ ಬರುವ ವ್ಯತ್ಯಾಸವು ಸುಮಾರು ಮೂರು ಪಟ್ಟು ಮಾತ್ರ. ಸಭೆಯು ಚೌಕವಲ್ಲ, ಅದೇ ಸುತ್ತಳತೆಯ ವೃತ್ತವೆಂದರೂ ವಿಸ್ತೀರ್ಣವು ಕಾಲುಭಾಗಕ್ಕಿಂತ ತುಸು ಹೆಚ್ಚಾದೀತು, ಅಷ್ಟೆ. ಆದರೆ ಮಾತಿನ ಅರ್ಥವು ಬದಲಾದರೆ ಉತ್ತರವು ಸಾವಿರಾರು ಪಟ್ಟು ಬದಲಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಸಂದೇಹವು ಯಾವುದೋ ಅದನ್ನು ಮೊದಲು ಪರಿಹರಿಸಬೇಕು. ಅಂಗುಲವು 1.9 ಸೆಂಟಿಮೀಟರೋ 1.8 ಸೆಂಟಿಮೀಟರೋ ಎಂದು ಚರ್ಚಿಸುತ್ತ ಕುಳಿತರೆ ಶ್ರಮವು ವ್ಯರ್ಥ.

ಕಂಬಗಳ ಸಾಕ್ಷ್ಯ

ಈಗ ಅಣ್ಣಿಗೇರಿಗೆ ಮರಳೋಣ. ಇಲ್ಲಿಯ ಅಮೃತೇಶ್ವರ ದೇವಾಲಯವು ಕಲ್ಯಾಣದ ಚಾಲುಕ್ಯರ ಕಾಲದ, ಹನ್ನೊಂದನೆಯ ಶತಮಾನದ ಕಟ್ಟಡ. ಅದರ ಛಾವಣಿಯನ್ನು 76 ಕಂಬಗಳು ಹೊತ್ತಿವೆ. ಇಷ್ಟೊಂದು ಕಂಬಗಳು ಏಕೆ? ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಸೆಳೆತವನ್ನು ತಾಳದು. ಎರಡು ಕಂಬಗಳ ಮೇಲೆ ಅಡ್ಡಲಾಗಿಟ್ಟ ಕಲ್ಲಿನ ತೊಲೆಯು ಭಾರಕ್ಕೆ ಬಾಗತೊಡಗಿದಾಗ ಅದರ ಕೆಳಮೈಯಲ್ಲಿ ಸೆಳೆತವುಂಟಾಗುತ್ತದೆ. ಅಂತರವು ಹೆಚ್ಚಾದರೆ ತೊಲೆಯು ಕೆಳಗಿನಿಂದ ಸೀಳಿ ಮುರಿಯುತ್ತದೆ. ಆದಕಾರಣ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕಾಗುತ್ತದೆ.

ಕಂಬದಿಂದ ಕಂಬಕ್ಕೆ 2.5 ಮೀಟರ್ ಅಂತರವೆಂದು ಊಹಿಸಿದರೆ ಒಂದೊಂದು ಕಂಬಕ್ಕೆ 6.25 ಚದರ ಮೀಟರ್ ಛಾವಣಿ ಪಾಲಿಗೆ ಬರುತ್ತದೆ. 76 ಕಂಬಗಳಿಗೆ ಸುಮಾರು 475 ಚದರ ಮೀಟರ್. ಇದೇ ರೀತಿಯಲ್ಲಿ ಮಯಸಭೆಯನ್ನು ಕಟ್ಟುವುದಾದರೆ, ಮೊದಲನೆಯ ಅರ್ಥದಲ್ಲಿ, ಚಿಕ್ಕ ಕಿಷ್ಕುವಿಗೆ, ಸುಮಾರು 340 ಕಂಬಗಳು ಸಾಕು. ಎರಡನೆಯ ಅರ್ಥದಲ್ಲಿಯಾದರೆ ಎರಡು ಲಕ್ಷಕ್ಕೂ ಮಿಕ್ಕಿ ಬೇಕು! ಮಯನು ಹದಿನಾಲ್ಕು ತಿಂಗಳುಗಳಲ್ಲಿ ಕೆಲಸವನ್ನು ಮುಗಿಸಿದನೆಂದು ಸಭಾಪರ್ವವು ಹೇಳುತ್ತದೆ. ಅಂದರೆ ದಿನವೊಂದಕ್ಕೆ 500 ಕಂಬಗಳು ಏಳಬೇಕು. ಇದು ದಾನವಶಿಲ್ಪಿಗೆ ಸಾಧ್ಯವಾದೀತೇನೋ, ಮನುಷ್ಯಶಿಲ್ಪಿಗಳಿಗಂತೂ ಅಸಾಧ್ಯ.

ಕಿವಿಯ ಸಾಕ್ಷ್ಯ

ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು. ಸಭೆಯೆಂಬುದು ಮಾತನಾಡುವ ಸ್ಥಳ. ಒಬ್ಬನ ಮಾತು ಉಳಿದವರಿಗೆ ಕೇಳಿಸಬೇಕು. ಬಯಲಿನಲ್ಲಿ ದೂರವು ಇಮ್ಮಡಿಯಾದಾಗ ಧ್ವನಿಯ ತೀವ್ರತೆಯು ನಾಲ್ಕನೆಯ ಒಂದು ಭಾಗಕ್ಕೆ, ಅಂದರೆ 6 ಡೆಸಿಬೆಲ್‌ಗಳಷ್ಟು, ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 80 ಡೆಸಿಬೆಲ್ ಇರುವ ಎತ್ತರದ ದನಿಯು 32 ಮೀಟರಿನಲ್ಲಿ 50 ಡೆಸಿಬೆಲ್ ಆಗುತ್ತದೆ. ಸಭಿಕರು ಮೌನವಾಗಿದ್ದರೆ ಇದು ಕೇಳಿಸುತ್ತದೆ. 512 ಮೀಟರಿನಲ್ಲಿಯಾದರೋ 26 ಡೆಸಿಬೆಲ್ ಮಾತ್ರ. ಇದು ಪಿಸುಮಾತಿಗಿಂತಲೂ ಕ್ಷೀಣವಾದುದು; ಬಟ್ಟೆಯ ಸರಸರ ಶಬ್ದದಲ್ಲಿಯೇ ಮುಳುಗಿಹೋಗುತ್ತದೆ. ಗೋಡೆಗಳ ಪ್ರತಿಫಲನದಿಂದ ಧ್ವನಿಗೆ ಬಲ ಬರಬಹುದಾದರೂ ಅತಿ ದೊಡ್ಡ ಭವನದಲ್ಲಿ ಪ್ರತಿಧ್ವನಿಗಳು ಒಂದರಮೇಲೊಂದು ಬಿದ್ದು ಮಾತು ಕಲಸಿಹೋಗುತ್ತದೆ. ಹೀಗೆ ಒಂದೂವರೆ ಸಾವಿರ ಮೀಟರ್ ಅಗಲದ ಸಭಾಂಗಣದಲ್ಲಿ ನಡುವೆ ಕುಳಿತ ಧರ್ಮರಾಯನ ಮಾತು ಅಂಚಿನವರಿಗೆ ತಲಪುವಂತಿಲ್ಲ.

ಕಟ್ಟಿದ ಭವನಗಳ ಸಾಕ್ಷ್ಯ

ಮನುಷ್ಯರು ನಿಜವಾಗಿ ಕಟ್ಟಿದ ಮಹಾಭವನಗಳೂ ಇದನ್ನೇ ಸಾರುತ್ತವೆ. 1656ರ ಸುಮಾರಿಗೆ ಮುಗಿದ ವಿಜಯಪುರದ ಗೋಲಗುಮ್ಮಟದ ಒಳಾಂಗಣವು ಸುಮಾರು 41 ಮೀಟರ್ ಚೌಕ. ಸುಮಾರು 1,700 ಚದರ ಮೀಟರ್ ನೆಲದ ಮೇಲೆ ಒಂದು ಕಂಬವೂ ಇಲ್ಲ. ಪರ್ಷಿಯದ ಪೆರ್ಸೆಪೊಲಿಸ್ಸಿನಲ್ಲಿ ಕ್ರಿಸ್ತಪೂರ್ವ ಐದನೆಯ ಶತಮಾನದ ನೂರು ಕಂಬಗಳ ಸಭಾಂಗಣವು ಹೆಚ್ಚುಕಡಮೆ 70 ಮೀಟರ್ ಚೌಕ. ಅಲ್ಲಿ ತೊಲೆಗಳು ಮರದವು. ಮರವು ಸೆಳೆತವನ್ನು ತಾಳಬಲ್ಲುದಾದ್ದರಿಂದ ಕಂಬಗಳ ನಡುವೆ 6 ಮೀಟರಿಗೂ ಹೆಚ್ಚಿನ ಅಂತರವು ಸಾಧ್ಯವಾಯಿತು. ಪೆರ್ಸೆಪೊಲಿಸ್ಸಿನ ಅಳತೆಯು ನಮ್ಮ ಮೊದಲನೆಯ ಅರ್ಥದ 46 ಮತ್ತು 80 ಮೀಟರುಗಳ ನಡುವೆಯೇ ಬೀಳುತ್ತದೆ. ಗೋಲಗುಮ್ಮಟವು ಕೆಳಗಿನ ಮೇರೆಯ ಸಮೀಪದಲ್ಲಿಯೇ ಇದೆ.

ಹಾಗಾದರೆ ಹತ್ತು ಸಾವಿರವೆಂಬುದು ವಿಸ್ತೀರ್ಣವೇ ಎಂದು ತೀರ್ಮಾನಿಸೋಣವೆ? ಅವಸರ ಬೇಡ, ಮೂಲವನ್ನು ಮತ್ತೊಮ್ಮೆ ನೋಡಬೇಕು. ಮಯನು ಕಟ್ಟುವ ಮೊದಲು ಹತ್ತು ಸಾವಿರ ಕಿಷ್ಕುವಿನ ನೆಲವನ್ನು ಅಳೆದನೆಂದು ಅಲ್ಲಿದೆ. ಸಭೆಯ ವರ್ಣನೆಯಲ್ಲಿ ತಾವರೆಗೊಳಗಳೂ ಹೂತ ಮರಗಳೂ ಬರುತ್ತವೆ. ಅಳತೆಯು ಒಂದೇ ಸೂರಿನ ಕೋಣೆಗಲ್ಲ, ತೋಟ ಕೊಳಗಳು ಕೂಡಿದ ಇಡೀ ಆವರಣಕ್ಕೆ ಸಂಬಂಧಿಸಿದ್ದಿರಬಹುದು. ಆಗ ಎರಡನೆಯ ಅರ್ಥವೂ ಅಸಂಗತವಲ್ಲ: ಒಂದೆರಡು ಕಿಲೋಮೀಟರ್ ಅಗಲದ ಆವರಣ, ಅದರ ನಡುವೆ ಕೆಲವು ಸಾವಿರ ಚದರ ಮೀಟರಿನ ಸಭಾಂಗಣ. ನಮ್ಮ ಲೆಕ್ಕವು ನಿಶ್ಚಯವಾಗಿ ತಳ್ಳಿಹಾಕುವುದು ಒಂದನ್ನೇ: ಹಲವು ಕಿಲೋಮೀಟರ್ ಅಗಲದ ಒಂದೇ ಸೂರಿನ ಭವನವನ್ನು.

ಪುರಾತನ ಗ್ರಂಥದ ಸಂಖ್ಯೆಯನ್ನು ಕಂಡೊಡನೆ ಕೆಲವರು ಕಟ್ಟುಕಥೆಯೆಂದು ನಗುತ್ತಾರೆ. ಮತ್ತೆ ಕೆಲವರು ಅಕ್ಷರಶಃ ನಂಬಿ ಹೆಮ್ಮೆಪಡುತ್ತಾರೆ. ಇಬ್ಬರೂ ಲೆಕ್ಕ ಮಾಡುವ ಶ್ರಮವನ್ನು ತಪ್ಪಿಸಿಕೊಂಡವರೇ. ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಲಾಗದು ಎಂಬುದನ್ನು ಬೇರ್ಪಡಿಸುವುದು ವಿಜ್ಞಾನದ ದಾರಿ.

ಅಭ್ಯಾಸ: ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯ ವಿದ್ಯಾರ್ಥಿಗಳು ತಮ್ಮ ಊರಿನ ಅಥವಾ ಸಮೀಪದ ಹಳೆಯ ಕಲ್ಲುಮಂಟಪವೊಂದಕ್ಕೆ ಹೋಗಲಿ. ಮೊದಲು ಕಂಬಗಳನ್ನೆಣಿಸಿ, ಎರಡು ಕಂಬಗಳ ಅಂತರವನ್ನು ಮೊಳದಿಂದ ಅಳೆದು, ಮಂಟಪದ ವಿಸ್ತೀರ್ಣವನ್ನು ಅಂದಾಜು ಮಾಡಲಿ. ಬಳಿಕ ಟೇಪು ಹಿಡಿದು ಅಳೆಯಲಿ. ಅಂಚಿನ ಕಂಬಗಳು ಅರ್ಧ ಪಾಲನ್ನೂ ಮೂಲೆಯವು ಕಾಲು ಪಾಲನ್ನೂ ಮಾತ್ರ ಹೊರುವುದರಿಂದ ಅಂದಾಜು ಏಕೆ ಹೆಚ್ಚಾಗುವುದೆಂಬುದನ್ನು ವಿಚಾರಿಸಲಿ. ತನ್ನ ತಪ್ಪು ಎಷ್ಟೆಂದು ತಾನೇ ಅಳೆದು ತಿಳಿದವನಿಗೆ ಮುಂದಿನ ಅಂದಾಜು ಇನ್ನಷ್ಟು ಸರಿಯಾಗಿ ಬರುತ್ತದೆ.