ಕುಡಿತ ಬಿಟ್ಟ ಹೊಸತರಲ್ಲಿ: ಆಸೆ ಮತ್ತೆ ಬಂದಾಗ

ಊರಿನಲ್ಲಿ ಕುಡಿತ ಬಿಟ್ಟು ಮಕ್ಕಳ ಮನೆಗೆ ಬಂದಿರುವ ಹಿರಿಯರೇ, ಹೈಡೆಲ್‌ಬರ್ಗ್‌ನಲ್ಲಿ ಬಿಯರ್, ವೈನ್ ದಿನಸಿ ಅಂಗಡಿಯಲ್ಲೇ ಸಿಗುತ್ತವೆ. ಕಂಡಾಗ ಆಸೆಯಾಗುವುದು ಸಹಜ; ಅದು ಸೋಲಲ್ಲ.

• ಆಸೆ ಅಲೆಯಂತೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಮಜ್ಜಿಗೆ ಕುಡಿಯಿರಿ, ನೆಕಾರ್ ನದಿಯ ದಂಡೆಯಲ್ಲಿ ನಡೆಯಿರಿ, ಊರಿಗೆ ಫೋನ್ ಮಾಡಿ.

• ಹಸಿವು, ಸಿಟ್ಟು, ಒಂಟಿತನ, ದಣಿವು ಆಸೆಯನ್ನು ಕೆರಳಿಸುತ್ತವೆ. ಮಕ್ಕಳು ಕೆಲಸಕ್ಕೆ ಹೋದ ಮೇಲಿನ ಖಾಲಿ ಹೊತ್ತಿಗೆ ಏನಾದರೂ ಕೆಲಸ ಇಟ್ಟುಕೊಳ್ಳಿ.

• ‘ಆಲ್ಕೊಹೋಲ್‌ಫ್ರೈ’ ಎಂದು ಬರೆದ ಬಿಯರ್‌ನಲ್ಲೂ ಶೇ. 0.5ರವರೆಗೆ ಮದ್ಯಸಾರ ಇರಬಹುದು, ಬೇಡ.

• ಒಮ್ಮೆ ಜಾರಿದರೆ ಮುಚ್ಚಿಡಬೇಡಿ. ಅಂದೇ ಮಗನಿಗೋ ಮಗಳಿಗೋ ಹೇಳಿ. ಒಂದು ಲೋಟದಿಂದ ಇಷ್ಟು ದಿನದ ಸಂಯಮ ಅಳಿಸಿಹೋಗದು. ಎರಡನೆಯದನ್ನು ತಡೆಯಿರಿ.

• ಮತ್ತೆ ದಿನವೂ ಕುಡಿಯುವಂತಾಗಿದ್ದರೆ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಫಿಟ್ಸ್, ತೀವ್ರ ನಡುಕ, ಗೊಂದಲ ಕಂಡರೆ ತಕ್ಷಣ 112ಕ್ಕೆ ಕರೆಮಾಡಿ.