ಐಸಿಯುನಿಂದ ವಾರ್ಡಿಗೆ ಬಂದ ಅಪ್ಪ

ಪ್ರಶ್ನೆ: ನ್ಯುಮೋನಿಯಾದಿಂದ ಒಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ದ ಅಪ್ಪನನ್ನು ಮೊನ್ನೆ ರಾತ್ರಿ ಹನ್ನೊಂದಕ್ಕೆ ವಾರ್ಡಿಗೆ ಶಿಫ್ಟ್ ಮಾಡಿದರು. ‘ಗಂಡಾಂತರ ಕಳೀತು’ ಎಂದು ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಭಯ. ಇಲ್ಲಿ ಮಾನಿಟರ್ ಇಲ್ಲ, ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ನಿನ್ನೆ ರಾತ್ರಿ ಅವರನ್ನು ಮೂರು ಸಲ ಕರೆದೆ. ಅಣ್ಣ ನನ್ನನ್ನೇ ಗದರಿದ. ನಾನು ಅತಿ ಮಾಡುತ್ತಿದ್ದೇನೆಯೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲಮ್ಮ, ಅತಿಯಲ್ಲ. ಐಸಿಯುನಲ್ಲಿ ಒಬ್ಬಿಬ್ಬರು ರೋಗಿಗಳಿಗೆ ಒಬ್ಬ ನರ್ಸ್ ಇರುತ್ತಾರೆ, ಪ್ರತಿ ಉಸಿರೂ ಪರದೆಯ ಮೇಲೆ ಕಾಣುತ್ತದೆ. ವಾರ್ಡಿನಲ್ಲಿ ಕೆಲವು ಗಂಟೆಗೊಮ್ಮೆ ಬಿಪಿ, ಜ್ವರ ನೋಡಿ ಹೋಗುತ್ತಾರೆ. ಅಪ್ಪನ ದೇಹ ಮಾತ್ರ ಐಸಿಯು ಬಿಟ್ಟಾಗಿನಷ್ಟೇ ನಿತ್ರಾಣವಾಗಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ನಡುವೆ ಐಸಿಯುನಿಂದ ವಾರ್ಡಿಗೆ ಕಳಿಸುವುದನ್ನು ಆದಷ್ಟೂ ತಪ್ಪಿಸಿ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2007ರಲ್ಲೇ ಹೇಳಿದೆ. ನಿಮ್ಮ ಭಯಕ್ಕೆ ಬುಡವಿದೆ.

ಅದನ್ನು ಕೆಲಸಕ್ಕೆ ಹಚ್ಚಿ. ಅಪ್ಪ ಮಲಗಿದ್ದಾಗ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಗಂಟೆ ಸಮೇತ ಬರೆದಿಡಿ. ದೊಡ್ಡವರಿಗೆ ಸಾಮಾನ್ಯವಾಗಿ 12ರಿಂದ 20. ಅದು 25 ಮುಟ್ಟಿದರೆ ಕಾಯಬೇಡಿ. ಸ್ಥಿತಿ ಕೆಡುವಾಗ ಬಿಪಿ ಇಳಿಯುವ ಮೊದಲೇ ಎಷ್ಟೋ ಸಲ ಉಸಿರು ಸುಳಿವು ಕೊಡುತ್ತದೆ. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆ ನಿಮ್ಮ ಗುರುತೇ ಹಿಡಿಯದಿದ್ದರೂ ಕರೆಯಿರಿ. ‘ವಯಸ್ಸಾಯ್ತಲ್ಲ’ ಎಂದು ಯಾರಾದರೂ ಅಂದರೂ ಸುಮ್ಮನಾಗಬೇಡಿ. ಕರೆದಾಗ ‘ಯಾಕೋ ಸುಸ್ತು’ ಅನ್ನಬೇಡಿ. ‘ಬೆಳಿಗ್ಗೆ 18 ಇದ್ದ ಉಸಿರು ಈಗ 28, ಡ್ಯೂಟಿ ಡಾಕ್ಟರ್ ಬಂದು ನೋಡಲಿ’ ಅನ್ನಿ. ಓಡಾಡಿ ಬಳಲಿದ ಸಿಸ್ಟರ್‌ಗೂ ಆ ಲೆಕ್ಕ ನೆರವಾಗುತ್ತದೆ.

ನೋಡಲು ಬರುವ ನೆಂಟರು ತರುವ ಗಂಜಿಯ ಬಗ್ಗೆಯೂ ಎಚ್ಚರ. ಒಂಬತ್ತು ದಿನ ನಳಿಗೆಯಿದ್ದ ಗಂಟಲಿಗೆ ನುಂಗುವ ಹಿಡಿತ ತಪ್ಪಿರಬಹುದು. ಡಾಕ್ಟರ್ ಹೂಂ ಅನ್ನುವವರೆಗೆ ಚಮಚ ಎಳನೀರೂ ಬೇಡ. ಆಮೇಲೂ ನೆಟ್ಟಗೆ ಕೂರಿಸಿಯೇ ಕೊಡಿ, ಕೆಮ್ಮಿದರೆ ನಿಲ್ಲಿಸಿ.

ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳ ಚೀಟಿಯನ್ನು ವಾರ್ಡಿನ ಡಾಕ್ಟರಿಗೆ ತೋರಿಸಿ, ಯಾವುದು ನಿಂತಿದೆ, ಯಾವಾಗ ಮತ್ತೆ ಶುರು ಎಂದು ಕೇಳಿ. ನನ್ನ ತಾಯಿಯ ಥೈರಾಯ್ಡ್ ಮಾತ್ರೆ ಐಸಿಯುನಲ್ಲಿ ನಿಂತದ್ದು ವಾರ್ಡಿನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ನಾನೂ ಕೇಳಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಅಣ್ಣನಿಗೆ ಇದನ್ನು ಓದಿ ಹೇಳಿ. ಇಂಗ್ಲೆಂಡಿನಲ್ಲಿ ಹದಿಮೂರರ ಮಾರ್ಥಾ ಮಿಲ್ಸ್ ಎಂಬ ಹುಡುಗಿ 2021ರಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ಮಗಳ ಸ್ಥಿತಿ ಕೆಡುತ್ತಿದೆ ಎಂದು ಹೆತ್ತವರು ಹೇಳಿದ್ದನ್ನು ವಾರ್ಡಿನಲ್ಲಿ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಆ ತಾಯ್ತಂದೆ ಸುಮ್ಮನೆ ಕೂರಲಿಲ್ಲ. ಮನೆಯವರೇ ಬೇರೊಂದು ತುರ್ತು ತಂಡವನ್ನು ಕರೆಸಿ ನೋಡಿಸಬಹುದಾದ ‘ಮಾರ್ಥಾ ನಿಯಮ’ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಜಾರಿಗೆ ಬರತೊಡಗಿತು. ನೀವೂ ಬಾಯಿಬಿಟ್ಟು ಕೇಳಿ: ‘ಐಸಿಯು ಡಾಕ್ಟರ್ ಒಮ್ಮೆ ಬಂದು ನೋಡಲಿ.’

ಇವತ್ತು ರಾತ್ರಿ ಉಸಿರೆಣಿಸುವ ಪಾಳಿ ಅಣ್ಣನದಾಗಲಿ. ಉಸಿರಿನ ಲೆಕ್ಕ ಬರೆದ ಚೀಟಿ ಅವನ ಕೈಗೆ ಕೊಟ್ಟು, ನೀವು ನಾಲ್ಕು ತಾಸು ಮಲಗಿ.