‘ಸೋಟೇರ್’ ಎಂಬ ಬಿರುದು

ನಾಗಪುರದ ಕನ್ನಡಿಗರಿಗೆ ಮಿಲಿಂದ ಎಂಬ ಹೆಸರು ಹೊಸದಲ್ಲ. ನೆರೆಯಲ್ಲೋ ಕಚೇರಿಯಲ್ಲೋ ಒಬ್ಬ ಮಿಲಿಂದನಿದ್ದೇ ಇರುತ್ತಾನೆ. 1956ರ ಅಕ್ಟೋಬರ್ 14ರಂದು ಈ ನಗರದಲ್ಲಿ ಬೌದ್ಧ ದೀಕ್ಷೆ ಸ್ವೀಕರಿಸಿದ ಡಾ. ಅಂಬೇಡ್ಕರರು, ಆಗಿನ ಔರಂಗಾಬಾದಿನಲ್ಲಿ 1950ರಲ್ಲಿ ಆರಂಭಿಸಿದ ಕಾಲೇಜಿಗೆ ಇಟ್ಟ ಹೆಸರೂ ಅದೇ. ‘ಮಿಲಿಂದ ಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ನಾಗಸೇನ ಭಿಕ್ಷುವನ್ನು ಪ್ರಶ್ನಿಸುವ ಈ ದೊರೆ, ಕ್ರಿ.ಪೂ. ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನಾಳಿದ ಗ್ರೀಕ್ ಅರಸ ಮಿನಾಂಡರ್.

ಆತನ ಬೆಳ್ಳಿ ನಾಣ್ಯದ ಒಂದು ಮುಖದಲ್ಲಿ ಗ್ರೀಕ್ ಭಾಷೆಯ ‘ಸೋಟೇರ್’ ಬಿರುದಿದೆ. ರಕ್ಷಕನೆಂದು ಅದರ ಅರ್ಥ. ಗ್ರೀಕರು ಜೀಯಸ್ ದೇವನನ್ನೂ ವೈದ್ಯದೇವತೆಯಾದ ಅಸ್ಕ್ಲೇಪಿಯಸನನ್ನೂ ಹೀಗೆಯೇ ಕರೆಯುತ್ತಿದ್ದರು. ಅಪಾಯದಿಂದ ಪಾರುಮಾಡುವುದಕ್ಕೂ ರೋಗ ಗುಣಪಡಿಸುವುದಕ್ಕೂ ಅವರಲ್ಲಿ ಒಂದೇ ಕ್ರಿಯಾಪದ. ಅದರ ಮೂಲದಲ್ಲಿರುವುದು ‘ಕುಂದಿಲ್ಲದ, ಸ್ವಸ್ಥ’ ಎಂಬ ಭಾವ. ಅಲೆಗ್ಸಾಂಡರನ ತರುವಾಯ ಈಜಿಪ್ಟಿನ ಮೊದಲನೆಯ ಟಾಲೆಮಿಯಂಥ ರಾಜರಿಗೂ ಅದು ಸಂದಿತು. ರಾಜರ ಕೈಗೆ ಬಂದ ಬಿರುದು ಸ್ವಲ್ಪ ಅಗ್ಗವಾಯಿತೆಂದೇ ಹೇಳಬೇಕು.

ನಾಣ್ಯದ ಇನ್ನೊಂದು ಮುಖದಲ್ಲಿ ಖರೋಷ್ಠಿ ಲಿಪಿಯ ಪ್ರಾಕೃತ: ‘ಮಹರಜಸ ತ್ರತರಸ ಮೆನಂದ್ರಸ’. ‘ತ್ರತರಸ’ ಎಂದರೆ ತ್ರಾತಾರನ, ಕಾಪಾಡುವವನ. ಅನುವಾದಿಸಿದವನಾರೋ, ಜಾಣನೇ ಸರಿ. ಆ ಪದದ ‘ತ್ರಾ’ ಧಾತುವಿನಿಂದಲೇ ನಮ್ಮ ‘ತ್ರಾಣ’ವೂ ಬಂದಿದೆ. ಸಂಸ್ಕೃತದಲ್ಲಿ ತ್ರಾಣವೆಂದರೆ ರಕ್ಷಣೆ; ಕನ್ನಡದ ಬಾಯಲ್ಲಿ ಅದು ಮೈಯ ಕಸುವಾಯಿತು. ಜ್ವರ ಬಿಟ್ಟೆದ್ದವರು ‘ತ್ರಾಣವಿಲ್ಲ’ ಎನ್ನುತ್ತಾರೆ. ಹಿರಿಯರು ನಿತ್ರಾಣವೆಂದು ಗಂಜಿ ಕುಡಿಸುತ್ತಾರೆ. ಗ್ರೀಕರ ಪದದಲ್ಲಿದ್ದ ರಕ್ಷಣೆ, ಆರೋಗ್ಯಗಳ ನಂಟು ಕನ್ನಡದಲ್ಲಿ ತಾನಾಗಿಯೇ ಬೆಳೆಯಿತು.

ಮಿನಾಂಡರನಿಗೆ ಈ ಬಿರುದು ಕೇವಲ ಟಂಕಸಾಲೆಯ ಅಲಂಕಾರವಾಗಿರಲಿಲ್ಲ. ಆತನು ದಂಡಿನ ಬೀಡಿನಲ್ಲಿ ಮಡಿದಾಗ ನಗರಗಳು ಚಿತಾಭಸ್ಮಕ್ಕಾಗಿ ಸ್ಪರ್ಧಿಸಿ, ಕೊನೆಗೆ ಸಮಪಾಲು ಹಂಚಿಕೊಂಡು ಸ್ಮಾರಕಗಳನ್ನು ಕಟ್ಟಿಸಿದವೆಂದು ಪ್ಲುಟಾರ್ಕನು ಬರೆದಿದ್ದಾನೆ.